ವಾಡೆಯ ಆಳುಗಳ ವಂಶ ಎಲ್ಲಿ ಬರೆದಿದೆ?

ನಿಮ್ಮ ಮುತ್ತಜ್ಜ ಮಣ್ಣೂರ ಕಡೆಯ ಧಣಿಗಳ ವಾಡೆಯೊಂದರಲ್ಲಿ ಆಳಾಗಿದ್ದರೆಂದು ಹೇಳಲು ಮನೆಯಲ್ಲಿ ಹಿಂಜರಿಯುತ್ತಾರೆ ಎಂದು ಬರೆದಿದ್ದೀರಿ. ದುಡಿದು ತಿಂದವರಿಗೆ ಯಾತರ ನಾಚಿಕೆ? ಹುಡುಕಿ, ಅವರ ಹೆಸರು ಸಿಗಬೇಕು.

ಮೊದಲು ವಾಡೆಯವರ ಹತ್ತಿರ ಕೀರ್ದಿ, ಖತಾವಣಿಯಂಥ ಹಳೆಯ ಲೆಕ್ಕದ ವಹಿಗಳು ಉಳಿದಿವೆಯೇ ಕೇಳಿ. ಧಣಿಗಳ ವಂಶಾವಳಿಯಲ್ಲಿ ಆಳುಗಳಿರುವುದಿಲ್ಲ. ಖರ್ಚಿನ ವಹಿಯಲ್ಲಿ ಇರುತ್ತಾರೆ. ಇಂಥವನಿಗೆ ಇಷ್ಟು ಜೋಳ, ಹಬ್ಬಕ್ಕೊಂದು ಧೋತರ, ಮಗಳ ಮದುವೆಗೆ ಕೊಟ್ಟ ಸಾಲ. ಸಾಲದ ಬರಹವನ್ನಂತೂ ಬಿಡಬೇಡಿ. ತಂದೆಯ ಸಾಲ ಮಗನ ತಲೆಗೆ ಬಂದಿದ್ದರೆ ಎರಡು ತಲೆಮಾರು ಒಂದೇ ಕಡೆ ಸಿಗುತ್ತವೆ. ವಹಿ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದರೆ ಸೊಲ್ಲಾಪುರದ ಕಡೆ ಓದಬಲ್ಲವರನ್ನು ವಿಚಾರಿಸಿ. 1948ರವರೆಗೆ ಮಣ್ಣೂರ ಕಡೆಯದೆಲ್ಲ ನಿಜಾಮರ ಸೀಮೆ. ಸರಕಾರಿ ಕಾಗದದಲ್ಲಿ ಉರ್ದು, ಫಸಲಿ ವರ್ಷ. ಫಸಲಿಗೆ 590 ಕೂಡಿಸಿ: 1340 ಎಂದರೆ ಇಸವಿ 1930–31. ಚಾಕರಿಗೆ ಇನಾಮು ಹೊಲ ಸಿಕ್ಕಿತ್ತೇ ಎಂದು ಮಣ್ಣೂರು ಸೇರುವ ಅಫಜಲಪುರ ತಹಸೀಲಿನಲ್ಲಿ ನೋಡಿಸಿ.

ಹೆಂಗಸರ ಹೆಸರು ಕಾಗದದಲ್ಲಿ ಅಪರೂಪ. ನೀರು ಹೊತ್ತ, ಬಾಣಂತನ ಮಾಡಿದ ಮುತ್ತಜ್ಜಿಯನ್ನು ಹಿರಿಯರ ಬಾಯಲ್ಲೇ ಹುಡುಕಬೇಕು, ಅದೂ ಬೇಗ. ನಿಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರೇ ಕೇಳಿ. ಎತ್ತಿನ ಮೇಲೆ ಬಂದು ವಂಶ ಹೇಳುವ ಅವರಲ್ಲಿ ಕೆಲವರ ಹತ್ತಿರ ಬರಹವೂ ಇರುತ್ತದೆ. ಸುಗ್ಗಿಯ ನಂತರ ಬಂದರೆ ಜೋಳ ಕೊಟ್ಟು, ಕೂರಿಸಿ, ಪೂರ್ತಿ ಬರೆದುಕೊಳ್ಳಿ.