ಓದುತ್ತಾನೆ, ಅರ್ಥವಾಗುವುದಿಲ್ಲ

ಪ್ರಶ್ನೆ: ಮಗ ಐದನೇ ತರಗತಿ. ಕನ್ನಡ ಪಾಠ ಸರಾಗವಾಗಿ ಓದುತ್ತಾನೆ, ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಮನೆಮಾತು ಬ್ಯಾರಿ. ಏನು ಮಾಡಲಿ?
– ಓದುಗರು, ತೊಕ್ಕೊಟ್ಟು

ಉತ್ತರ: ಮೊದಲು ಪಾಠವನ್ನು ನೀವೇ ಓದಿ ಹೇಳಿ. ಅವನು ಅದನ್ನು ಬ್ಯಾರಿಯಲ್ಲೇ ವಿವರಿಸಲಿ. ಆಗಲೂ ತಡವರಿಸಿದರೆ ಪುಸ್ತಕದ ಶಬ್ದಗಳು ಅವನಿಗೆ ಹೊಸತು ಎಂದರ್ಥ. ಓದುವ ಮೊದಲೇ ನಾಲ್ಕೈದು ಕಠಿಣ ಪದಗಳನ್ನು ಮನೆಮಾತಿನಲ್ಲಿ ತಿಳಿಸಿ. ಪ್ರತಿ ಪ್ಯಾರಾ ಮುಗಿದಾಗ ಪುಸ್ತಕ ಮುಚ್ಚಿಸಿ, ‘ಯಾರು, ಏನು ಮಾಡಿದರು, ಯಾಕೆ?’ ಎಂದು ಕೇಳಿ. ‘ಯಾಕೆ’ಯನ್ನು ಬಿಡಲೇಬೇಡಿ. ಗೈಡ್ ನೋಡಿ ಉತ್ತರ ಬಾಯಿಪಾಠ ಮಾಡಿಸುವುದನ್ನು ಇಂದೇ ನಿಲ್ಲಿಸಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಉಚಿತವಾಗಿ ಸಿಗುತ್ತವೆ. ಪಠ್ಯಕ್ಕಿಂತ ಸುಲಭವಾದದ್ದನ್ನೇ ಆರಿಸಿ.

ಮೂರು ತಿಂಗಳಲ್ಲೂ ಸುಧಾರಿಸದಿದ್ದರೆ, ಮಾತಿನಲ್ಲೂ ಬರವಣಿಗೆಯಲ್ಲೂ ತೊಂದರೆ ಕಂಡರೆ, ಕಿವಿ, ಕಣ್ಣು ತೋರಿಸಿ. ಕಲಿಕಾ ನ್ಯೂನತೆಯ ತಪಾಸಣೆಗೆ ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ವಿಚಾರಿಸಿ.