ಒಂದು ಟಿಕ್ ಗುರುತು ಕಲಿಸಿದ ಪಾಠ

ಪೀಠಿಕೆ

ಬಿ.ಇಡಿ. ಮೊದಲ ವರ್ಷದ ಸಮುದಾಯ ಕಾರ್ಯಕ್ಕೆ ನಮ್ಮ ತಂಡದ ನಾಲ್ವರನ್ನು ಒಂದು ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಹಾಕಿದಾಗ ನನಗೆ ಬೇಸರವೇ ಆಗಿತ್ತು. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಓದಿದವಳು. ಎಂಟನೇ ತರಗತಿಗೆ ಬೆಳಕಿನ ಪಾಠ ಮಾಡಬೇಕೆಂದು ಚಾರ್ಟುಗಳನ್ನೂ ಬರೆದಿಟ್ಟುಕೊಂಡಿದ್ದೆ. ಆರು ವರ್ಷದೊಳಗಿನ ಮಕ್ಕಳ ಜೊತೆ ಚಾಪೆಯ ಮೇಲೆ ಕೂರುವುದು ಬೋಧನಾಭ್ಯಾಸ ಹೇಗಾಗುತ್ತದೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ವಾರಕ್ಕೆ ಎರಡು ದಿನದಂತೆ ಹನ್ನೆರಡು ವಾರ ಅಲ್ಲಿದ್ದೆ. ಅಲ್ಲಿ ನಾನು ಮಾಡಿದ ಒಂದು ತಪ್ಪು, ಅದನ್ನು ತಿದ್ದಿದ ರೀತಿ ಮತ್ತು ಅದರಿಂದ ಬದಲಾದ ನನ್ನ ಪಾಠಯೋಜನೆ ಈ ಲೇಖನದ ವಿಷಯ. ಮಗುವಿನ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು ಬಿಟ್ಟಿದ್ದೇನೆ. ಮಗುವನ್ನು ಇಲ್ಲಿ ಪುಟ್ಟಿ ಎಂದು ಕರೆಯುತ್ತೇನೆ.

ಹಿನ್ನೆಲೆ

ಬೆಳವಣಿಗೆಯಲ್ಲಿ ಹಿಂದುಳಿದಿರುವ, ಅಥವಾ ಹಿಂದುಳಿಯುವ ಅಪಾಯವಿರುವ ಮಗುವನ್ನು ಆದಷ್ಟು ಬೇಗ ಗುರುತಿಸಿ, ಮಗುವಿಗೆ ತರಬೇತಿಯನ್ನೂ ಮನೆಯವರಿಗೆ ಮಾರ್ಗದರ್ಶನವನ್ನೂ ಕೊಡುವುದೇ ಶೀಘ್ರ ಮಧ್ಯಪ್ರವೇಶ. ನಾವು ಓದುವ ಶಿಕ್ಷಣದ ಕಾಯಿದೆಗಳ ಲೆಕ್ಕ ಆರನೇ ವಯಸ್ಸಿನಿಂದ ಶುರುವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತದೆ. ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ಮಕ್ಕಳಿಗೆ ಅದು ಕೊಡುವ ಉಚಿತ ಶಿಕ್ಷಣದ ಹಕ್ಕು 6ರಿಂದ 18 ವರ್ಷದವರೆಗೆ. ಆದರೆ ಮಾತು, ನಡಿಗೆ, ಆಟ, ಗಮನ ಇವೆಲ್ಲ ರೂಪುಗೊಳ್ಳುವುದು ಅದಕ್ಕೂ ಮೊದಲೇ.

ಆ ವಯಸ್ಸಿನ ಮಕ್ಕಳು ನಮ್ಮಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಂಗನವಾಡಿಯಲ್ಲಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅದರ ಸಂಚಾರಿ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೆ, ಒಂದು ಬಾರಿ ಶಾಲೆಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡಬೇಕು. ಹುಟ್ಟಿನಿಂದ ಬಂದ ದೋಷ, ಕಾಯಿಲೆ, ಪೋಷಕಾಂಶದ ಕೊರತೆ, ಬೆಳವಣಿಗೆಯ ವಿಳಂಬ ಈ ನಾಲ್ಕನ್ನು ಅವರು ನೋಡುತ್ತಾರೆ. ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಕಳಿಸುತ್ತಾರೆ.

ನಾನು ಹಾಕಿದ ಟಿಕ್

ಪುಟ್ಟಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ತೂಕ ನೋಡುವ ದಿನ ಅಂಗನವಾಡಿ ಟೀಚರ್ ಅವಳು ಇನ್ನೂ ಒಂದು ಮಾತನ್ನೂ ಆಡುತ್ತಿಲ್ಲವೆಂದು ಗಮನಿಸಿ ಚೀಟಿ ಬರೆದು ಕಳಿಸಿದ್ದರು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು. ಆ ದಿನ ರಜೆ ಹಾಕಿ, ಅತ್ತೆಯನ್ನೂ ಜೊತೆಗೆ ಕರೆತಂದಿದ್ದರು. ಅಜ್ಜಿಗೆ ಚಿಂತೆಯಿರಲಿಲ್ಲ. "ಇವ್ರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು ಕಣವ್ವ" ಎಂದರು.

ಕೇಂದ್ರದ ವಿಶೇಷ ಶಿಕ್ಷಕಿ ಬೇರೊಂದು ಮಗುವಿನ ಜೊತೆಗಿದ್ದರು. ಅಷ್ಟರಲ್ಲಿ ಪುಟ್ಟಿಯ ಅವಲೋಕನ ಪಟ್ಟಿಯನ್ನು ತುಂಬಿರಲು ನನಗೆ ಹೇಳಿದರು. ಅದರಲ್ಲಿ ಒಂದು ಸಾಲು: ಹಿಂದಿನಿಂದ ಬರುವ ಶಬ್ದಕ್ಕೆ ತಿರುಗುತ್ತಾಳೆಯೇ? ನಾನು ಸ್ಟೀಲ್ ತಟ್ಟೆ, ಚಮಚ ತೆಗೆದುಕೊಂಡು ಅವಳ ಹಿಂದೆ ನಿಂತು ಬಡಿದೆ. ತಕ್ಷಣ ತಿರುಗಿ ನಕ್ಕಳು. ಮತ್ತೊಮ್ಮೆ ಬಡಿದೆ, ಮತ್ತೆ ತಿರುಗಿದಳು. ತಾಯಿಯ ಮುಖ ಅರಳಿತು. ನಾನು ಟಿಕ್ ಹಾಕಿದೆ. "ಕರೆದರೆ ಬರುವುದಿಲ್ಲ" ಎಂದು ತಾಯಿ ಹೇಳಿದ್ದಕ್ಕೆ ಷರಾ ಕಾಲಂನಲ್ಲಿ "ಸ್ವಲ್ಪ ಹಠಮಾರಿ" ಎಂದೂ ಬರೆದೆ.

ಮತ್ತೆ ಮಾಡಿದ ಪರಿಶೀಲನೆ

ವಿಶೇಷ ಶಿಕ್ಷಕಿ ಪಟ್ಟಿ ನೋಡಿ, "ಎಲ್ಲಿ ನಿಂತು ಬಡಿದಿರಿ?" ಎಂದು ಮಾತ್ರ ಕೇಳಿದರು. ತೋರಿಸಿದೆ. ನನ್ನ ಹಿಂದೆ ಕಿಟಕಿಯಿತ್ತು. ಕೈ ಎತ್ತಿದಾಗಲೆಲ್ಲ ನೆರಳು ಮಗುವಿನ ಮುಂದಿನ ಆಟಿಕೆಗಳ ಮೇಲೆ ಬೀಳುತ್ತಿತ್ತು. ಎದುರಿಗೆ ಕುಳಿತ ತಾಯಿ ಪ್ರತಿ ಸಲವೂ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಹೆಜ್ಜೆ ಇಟ್ಟಾಗ ಹಲಗೆಯ ನೆಲ ಅದುರುತ್ತಿತ್ತು.

ಅವರು ನನ್ನನ್ನು ಅದೇ ಜಾಗದಲ್ಲಿ ನಿಲ್ಲಿಸಿ, "ಈಗ ಬಡಿಯಬೇಡಿ, ಕೈ ಮಾತ್ರ ಎತ್ತಿ" ಎಂದರು. ಎತ್ತಿದೆ. ಶಬ್ದವೇ ಇರಲಿಲ್ಲ. ಪುಟ್ಟಿ ತಿರುಗಿ ನಕ್ಕಳು.

ನಂತರ ಅವರು ಜಾಗ ಬದಲಿಸಿದರು. ನೆರಳು ಬೀಳದ ಕಡೆ ಚಾಪೆ ಹಾಸಿ, ತಾಯಿಗೆ ಆಟಿಕೆಯನ್ನೇ ನೋಡುತ್ತಿರಲು ಹೇಳಿ, ಮಗುವಿನ ಹಿಂದೆ ಸದ್ದಿಲ್ಲದೆ ಕುಳಿತರು. ಕಾಳು ತುಂಬಿದ ಡಬ್ಬಿ ಅಲ್ಲಾಡಿಸಿದರು, ಗಂಟೆ ಆಡಿಸಿದರು, ಹೆಸರು ಹಿಡಿದು ಕರೆದರು. ಒಂದೊಂದು ಶಬ್ದದ ನಡುವೆ ಸ್ವಲ್ಪ ಹೊತ್ತು ಬಿಟ್ಟರು. ಪುಟ್ಟಿ ತನ್ನ ಪಾಡಿಗೆ ಬಟ್ಟಲು ಜೋಡಿಸುತ್ತಲೇ ಇದ್ದಳು.

ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಮೂರು ವರ್ಷ ನಾನು ಕಲಿತದ್ದು ಇದನ್ನೇ: ಒಂದು ಅಂಶದ ಪರಿಣಾಮ ತಿಳಿಯಬೇಕಾದರೆ ಉಳಿದವು ಬದಲಾಗದಂತೆ ನೋಡಿಕೊಳ್ಳಬೇಕು. ನಿಯಂತ್ರಿತ ಪ್ರಯೋಗದ ವ್ಯಾಖ್ಯೆ ಬರೆದು ಅಂಕ ಪಡೆದವಳಿಗೆ, ಮಗುವಿನ ಮುಂದೆ ನಿಂತಾಗ ಅದು ನೆನಪಾಗಲಿಲ್ಲ. ನಾನು ನೋಡಿದ್ದು "ತಿರುಗಿದಳು" ಎಂಬುದನ್ನು. ಬರೆದದ್ದು "ಕೇಳಿಸುತ್ತದೆ" ಎಂಬ ಅರ್ಥ ಬರುವ ಟಿಕ್.

ಆ ಟಿಕ್ ಉಳಿದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಅವರು ವಿವರಿಸಿದರು. ಕಿವಿ ಸರಿಯಿದೆ, ಮಾತು ತಡ ಎಂದು ಕಡತ ಮುಂದೆ ಹೋಗುತ್ತಿತ್ತು. ಅಜ್ಜಿಯ ಮಾತಿಗೂ ಬಲ ಬರುತ್ತಿತ್ತು. ಮೂರು ವರ್ಷದವರೆಗೆ ಕಾಯೋಣವೆಂದು ಮನೆಯವರು ಸುಮ್ಮನಾಗುತ್ತಿದ್ದರು. ಶ್ರವಣದೋಷದ ವಿಷಯದಲ್ಲಿ ಜಗತ್ತಿನಾದ್ಯಂತ ಒಪ್ಪಿರುವ ಗುರಿ 1-3-6: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ತರಬೇತಿ ಆರಂಭ. ಪುಟ್ಟಿಯ ವಿಷಯದಲ್ಲಿ ಎರಡು ವರ್ಷ ಆಗಲೇ ಕಳೆದಿತ್ತು. ಇನ್ನಷ್ಟು ತಿಂಗಳು ನನ್ನ ಪೆನ್ನಿನಿಂದ ಕಳೆದುಹೋಗುವುದರಲ್ಲಿತ್ತು.

ನಮ್ಮ ಪಟ್ಟಿ ಶ್ರವಣ ಪರೀಕ್ಷೆಯಲ್ಲ, ಪರೀಕ್ಷೆಗೆ ಕಳಿಸಬೇಕೇ ಎಂದು ತೀರ್ಮಾನಿಸಲು ಮಾತ್ರ. ಪುಟ್ಟಿಯನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದರು. 1965ರಲ್ಲಿ ಆರಂಭವಾದ ಈ ಸಂಸ್ಥೆ ನಮ್ಮ ಭಾಗದವರಿಗೆ "ಸ್ಪೀಚ್ ಅಂಡ್ ಹಿಯರಿಂಗ್" ಎಂದೇ ಪರಿಚಿತ. ಅಲ್ಲಿ ಮಗು ಮಲಗಿರುವಾಗ ತಲೆಗೆ ವಿದ್ಯುದ್ವಾರಗಳನ್ನು ಅಂಟಿಸಿ, ಕಿವಿಗೆ ಶಬ್ದ ಕೊಟ್ಟು, ಶ್ರವಣ ನರ ಮತ್ತು ಮಿದುಳುಕಾಂಡದ ಪ್ರತಿಕ್ರಿಯೆಯನ್ನು ಅಳೆಯುವ ಬೇರಾ ಪರೀಕ್ಷೆ ಮಾಡಿದರು. ಮಗು ತಿರುಗಬೇಕಾಗಿಲ್ಲ, ನಗಬೇಕಾಗಿಲ್ಲ. ನೆರಳಿಗೂ ಅಲ್ಲಿ ಕೆಲಸವಿಲ್ಲ. ಎರಡೂ ಕಿವಿಗಳಲ್ಲಿ ತೀವ್ರ ಶ್ರವಣದೋಷ ಎಂದು ವರದಿ ಬಂತು.

ಎರಡನೆಯ ಟಿಕ್

ಶ್ರವಣ ಸಾಧನ ಬರುವವರೆಗೆ ಸುಮ್ಮನಿರುವಂತಿಲ್ಲ. ಮುಖ ನೋಡುವುದು, ಸರದಿಯಂತೆ ಆಡುವುದು, ಸನ್ನೆಯಿಂದ ಬೇಕಾದ್ದನ್ನು ಕೇಳುವುದು ಇವನ್ನು ಮನೆಯಲ್ಲಿ ಬೆಳೆಸಬೇಕು. ಮನೆಪಾಠ ತಯಾರಿಸುವ ಕೆಲಸ ನನಗೆ ಸಿಕ್ಕಿತು. ತಪ್ಪು ಸರಿಪಡಿಸಿಕೊಳ್ಳುವ ಹುರುಪಿನಲ್ಲಿ ರಾತ್ರಿ ಕುಳಿತು ಇಪ್ಪತ್ತು ಚಿತ್ರಪಟ್ಟಿಗಳನ್ನು ಮಾಡಿದೆ. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ, ಮಾಡಿದ ದಿನ ಟಿಕ್ ಹಾಕಬೇಕು ಎಂದು ಒಂದು ಹಾಳೆಯನ್ನೂ ಕೊಟ್ಟೆ. ವಾರದ ನಂತರ ಹದಿನಾಲ್ಕು ಖಾನೆಗಳಲ್ಲಿ ಹದಿನಾಲ್ಕು ಟಿಕ್ ಬಂದವು. ಪುಟ್ಟಿಯಲ್ಲಿ ಬದಲಾವಣೆಯೇ ಇರಲಿಲ್ಲ.

ಮುಂದಿನ ಸಲ ಅಜ್ಜಿ ಒಬ್ಬರೇ ಮಗುವನ್ನು ಕರೆತಂದರು. ಚಿತ್ರಪಟ್ಟಿ ಹೇಗಿವೆ ಎಂದು ಕೇಳಿದೆ. "ಮೇಲೆ ಜೋಪಾನವಾಗಿ ಎತ್ತಿಟ್ಟಿದೀನಿ ಮಿಸ್, ಒಂದೂ ಹರಿದಿಲ್ಲ" ಎಂದರು. ತಾಯಿ ಬೆಳಿಗ್ಗೆ ಏಳಕ್ಕೆ ಗಾಡಿ ಹತ್ತಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ಹಾಳೆ ಖಾಲಿಯಿದ್ದರೆ ಮಿಸ್ ಬೈಯುತ್ತಾರೆಂದು ಭಾನುವಾರ ರಾತ್ರಿ ಒಟ್ಟಿಗೇ ತುಂಬಿದ್ದರಂತೆ.

ಅವರನ್ನು ದೂರುವಂತಿರಲಿಲ್ಲ. ನನ್ನ ಟಿಕ್ ಹೇಗೆ ಬಂದಿತ್ತೋ ಅವರದೂ ಹಾಗೆಯೇ ಬಂದಿತ್ತು. ಪಟ್ಟಿ ತುಂಬಬೇಕಿತ್ತು, ತುಂಬಿದ್ದೆವು. ದಿನವಿಡೀ ಮಗುವಿನ ಜೊತೆ ಇರುವವರು ಯಾರು ಎಂದು ನಾನು ಕೇಳಿಯೇ ಇರಲಿಲ್ಲ. ಪಾಠಯೋಜನೆಯಲ್ಲಿ "ಪೂರ್ವಜ್ಞಾನ" ಎಂಬ ಅಂಕಣವನ್ನು ತಪ್ಪದೆ ತುಂಬುವ ನಾವು, ಮನೆಯ ಪೂರ್ವಜ್ಞಾನವನ್ನು ಬಿಟ್ಟುಬಿಡುತ್ತೇವೆ.

ತಿದ್ದಿದ ಪಾಠಯೋಜನೆ

ಅಜ್ಜಿಯ ಜೊತೆ ಕುಳಿತು ಅವರ ಒಂದು ದಿನವನ್ನು ಬೆಳಗಿನಿಂದ ಹೇಳಿಸಿಕೊಂಡೆ. ಹೊಸ ಕೆಲಸ ಒಂದನ್ನೂ ಸೇರಿಸದೆ, ಅವರು ಮಾಡುವ ಕೆಲಸದಲ್ಲೇ ಪಾಠ ಹುಡುಕಿದೆವು.

1. ಕೋಳಿಗೆ ಕಾಳು ಹಾಕುವಾಗ: ಮಗುವಿನ ಎತ್ತರಕ್ಕೆ ಕುಳಿತು ಮುಖ ತೋರಿಸಿ "ಬಾ, ಬಾ" ಎಂದು ಕೈಸನ್ನೆ ಮಾಡುವುದು. ಒಂದು ಹಿಡಿ ಅಜ್ಜಿ, ಒಂದು ಹಿಡಿ ಪುಟ್ಟಿ. ಉದ್ದೇಶ: ಸರದಿ, ಮುಖದತ್ತ ಗಮನ.

2. ಸ್ನಾನ ಮಾಡಿಸುವಾಗ: ಚೊಂಬು ಎತ್ತಿ ಹಿಡಿದು ಕಾಯುವುದು. ಮಗು ಕಣ್ಣಿಂದಲೋ ಕೈಯಿಂದಲೋ ಕೇಳಿದ ಮೇಲೆ "ನೀರು" ಎಂದು ಹೇಳಿ ಹುಯ್ಯುವುದು. ಉದ್ದೇಶ: ಬೇಕೆಂದು ತಿಳಿಸುವುದು.

3. ಅವರೆಕಾಯಿ ಸುಲಿಯುವಾಗ: ಕಾಳು ಒಂದು ಬಟ್ಟಲಿಗೆ, ಸಿಪ್ಪೆ ಇನ್ನೊಂದಕ್ಕೆ. ಉದ್ದೇಶ: ವಿಂಗಡಣೆ, ಬೆರಳಿನ ಹಿಡಿತ.

4. ಅಮ್ಮ ಮನೆಗೆ ಬಂದಾಗ: ಬಾಗಿಲಲ್ಲಿ ನಿಂತು "ಅಮ್ಮ" ಎಂದು ಹೇಳಿ ತೋರಿಸುವುದು. ತಾಯಿಗೆ ಉಳಿಸಿದ ಕೆಲಸ ಇದೊಂದೇ, ಊಟದವರೆಗೆ ಮಗುವಿನ ಎದುರು ಮುಖ ಕೊಟ್ಟು ಮಾತಾಡುವುದು.

ಮೌಲ್ಯಮಾಪನಕ್ಕೆ ಟಿಕ್ ಹಾಳೆ ತೆಗೆದುಬಿಟ್ಟೆ. ಬಂದಾಗ ಒಂದೇ ಪ್ರಶ್ನೆ: "ಈ ವಾರ ಪುಟ್ಟಿ ಏನು ಮಾಡಿದಳು ಅಜ್ಜಿ?" ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ಮೂರನೇ ವಾರ ಬಂದ ಉತ್ತರ: "ಚೊಂಬನ್ನ ತಾನೇ ತಂದು ನನ್ನ ಕೈಗೆ ಕೊಟ್ಟು, ತಲೆ ಬಗ್ಗಿಸ್ಕೊಂಡು ಕೂತ್ಕೊಂಡ್ಳು ಕಣವ್ವ." ನಾನು ಬರೆದ ಯಾವ ಷರಾದಲ್ಲೂ ಇಷ್ಟು ನಿಖರತೆ ಇರಲಿಲ್ಲ.

ಆರು ಧ್ವನಿಗಳು

ಒಂಬತ್ತನೇ ವಾರ ಶ್ರವಣ ಸಾಧನ ಬಂತು. ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ದಿನವೂ ನೋಡಲು ಲಿಂಗ್ ಎಂಬ ತಜ್ಞರು ರೂಪಿಸಿದ ಆರು ಧ್ವನಿಗಳ ಪರಿಶೀಲನೆಯನ್ನು ಬಳಸುತ್ತಾರೆ: ಮ್, ಊ, ಆ, ಈ, ಶ್, ಸ್. ಭೌತಶಾಸ್ತ್ರ ಓದಿದ ನನಗೆ ಇದರ ಲೆಕ್ಕಾಚಾರ ಬಹಳ ಹಿಡಿಸಿತು. "ಮ್" ಸುಮಾರು 250 ಹರ್ಟ್ಸ್ ಆಸುಪಾಸಿನ ಕಡಿಮೆ ಆವೃತ್ತಿಯದು, "ಸ್" 4000 ಹರ್ಟ್ಸ್‌ಗೂ ಮೇಲಿನದು. ಮಾತಿನಲ್ಲಿ ಬರುವ ಆವೃತ್ತಿಗಳ ವ್ಯಾಪ್ತಿಯನ್ನು ಈ ಆರು ಧ್ವನಿಗಳು ಹೆಚ್ಚೂಕಡಿಮೆ ತುಂಬುತ್ತವೆ. ಯಂತ್ರ ಬೇಡ, ಮನೆಯವರ ಬಾಯಿ ಸಾಕು.

ಇದನ್ನು ಅಜ್ಜಿಗೆ ಹೇಳಿಕೊಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಮಗುವಿನ ಹಿಂದೆ ಕೂರಬೇಕು, ತುಟಿ ಕಾಣಬಾರದು, ನೆರಳು ಬೀಳಬಾರದು, ಎದುರಿಗಿರುವವರು ಅಜ್ಜಿಯನ್ನು ನೋಡಬಾರದು, ನಡುನಡುವೆ ಏನೂ ಹೇಳದೆ ಸುಮ್ಮನಿದ್ದು ಮಗು ಸುಮ್ಮನೆ ತಿರುಗುತ್ತದೆಯೇ ಎಂದೂ ನೋಡಬೇಕು. ಒಂದೊಂದಕ್ಕೂ ಕಾರಣವನ್ನು ನನ್ನ ತಪ್ಪಿನ ಕಥೆಯಿಂದಲೇ ಹೇಳಿದೆ. ಅಜ್ಜಿ ನಕ್ಕರು, ಆದರೆ ಒಂದನ್ನೂ ಮರೆಯಲಿಲ್ಲ.

ನನ್ನ ಕೊನೆಯ ದಿನ ಅವರು ಮಾಡಿ ತೋರಿಸಿದರು. ಐದು ಧ್ವನಿಗಳಿಗೆ ಪುಟ್ಟಿ ತಿರುಗಿದಳು. "ಸ್"ಗೆ ತಿರುಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು, ಇಲ್ಲ. ನಾನು ಪೆನ್ನು ಹಿಡಿದು ಕೂತಿದ್ದೆ. ಅಷ್ಟು ದಿನದ ಶ್ರಮ ಕಂಡವಳಿಗೆ ಮೂರನೇ ಸಲ ಸ್ವಲ್ಪ ಜೋರಾಗಿ ಹೇಳಿಸೋಣ ಎನಿಸಿದ್ದು ನಿಜ. ಅಜ್ಜಿಯೇ ಹೇಳಿದರು: "ಅದು ಕೇಳ್ಸಿಲ್ಲ ಅಂತ್ಲೇ ಬರಿಯವ್ವ. ಮೈಸೂರಿಗೆ ಹೋದಾಗ ಅವರಿಗೆ ಗೊತ್ತಾಗ್ಬೇಕಲ್ಲ."

ಹಾಗೆಯೇ ಬರೆದೆ. ಸಾಧನವನ್ನು ಮತ್ತೆ ಹೊಂದಿಸಬೇಕೇ ಎಂದು ಅಲ್ಲಿನವರು ನೋಡುವುದು ಆ ಒಂದು ಸಾಲಿನಿಂದ.

ಕಿರಿಯ ಶಿಕ್ಷಣಾರ್ಥಿಗಳಿಗೆ

ಎರಡು ವರ್ಷದ ಬಿ.ಇಡಿ.ಯಲ್ಲಿ ಕ್ಷೇತ್ರಕಾರ್ಯ, ಇಂಟರ್ನ್‌ಶಿಪ್ ಸೇರಿ 20 ವಾರ. ಅದರ ಬಹುಪಾಲು ಶಾಲೆಯಲ್ಲಿ ಕಳೆಯುತ್ತದೆ, ಅದು ಸರಿಯೇ. ಶೀಘ್ರ ಮಧ್ಯಪ್ರವೇಶ ಕೇಂದ್ರಕ್ಕೆ ಹೋಗುವ ಅವಕಾಶ ಸಿಕ್ಕರೆ ಮಾತ್ರ ಬಿಡಬೇಡಿ. ಹೋಗುವವರಿಗೆ ನನ್ನ ಅನುಭವದಿಂದ ನಾಲ್ಕು ಮಾತು:

ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನಲ್ಲ. "ತಿರುಗಿದಳು" ಅವಲೋಕನ, "ಹಠಮಾರಿ" ತೀರ್ಪು.

ಅನುಮಾನವಿದ್ದರೆ ಖಾನೆ ಖಾಲಿ ಬಿಟ್ಟು ಹಿರಿಯರನ್ನು ಕೇಳಿ. ಖಾಲಿ ಖಾನೆಯಿಂದ ಮಗುವಿಗೆ ನಷ್ಟವಿಲ್ಲ, ತಪ್ಪು ಟಿಕ್‌ನಿಂದ ಇದೆ.

ಕಲಿಕೋಪಕರಣ ತಯಾರಿಸುವ ಮೊದಲು ಮಗುವಿನ ದಿನ ಯಾರ ಜೊತೆ, ಹೇಗೆ ಕಳೆಯುತ್ತದೆ ಎಂದು ಕೇಳಿ.

ನೀವು ಹನ್ನೆರಡು ವಾರಕ್ಕೆ ಹೊರಡುವವರು. ನೀವಿಲ್ಲದಾಗ ಮನೆಯವರು ಮಾಡಲಾಗದ ಪಾಠವನ್ನು ಯೋಜಿಸಬೇಡಿ.

ಈಗ ಎಂಟನೇ ತರಗತಿಗೆ ಬೆಳಕಿನ ಪಾಠ ಮಾಡುತ್ತಿದ್ದೇನೆ. "ಅರ್ಥವಾಯಿತಾ?" ಎಂದಾಗ ನಲವತ್ತು ಮಕ್ಕಳು ಒಟ್ಟಿಗೆ "ಹೂಂ ಮಿಸ್" ಎನ್ನುತ್ತಾರೆ. ಅವರು ತಿರುಗಿದ್ದು ನನ್ನ ಪಾಠಕ್ಕೋ, ನನ್ನ ನೆರಳಿಗೋ ಎಂದು ಒಂದು ಸಲ ನಿಂತು ನೋಡುತ್ತೇನೆ. ಆಮೇಲೆ ಒಬ್ಬರನ್ನು ಎಬ್ಬಿಸಿ, ಕನ್ನಡಿ ಕೈಗೆ ಕೊಟ್ಟು, ಮಾಡಿ ತೋರಿಸಲು ಹೇಳುತ್ತೇನೆ.