ಮೂರು ಕಾಲಿನ ಓಟಕ್ಕೆ ಹನ್ನೆರಡು ಸೂತ್ರಗಳು

ನಿಮ್ಮ ನಾಯಿಯನ್ನು ನೋಡಿದ ಡಾಕ್ಟರ್ ‘ಕಾಲು ತೆಗೆಯಬೇಕಾಗುತ್ತದೆ’ ಅಂದಿದ್ದಾರೆ. ಆಗಿನಿಂದ ನಿಮಗೆ ಆಫೀಸಿನಲ್ಲೂ ಮನಸ್ಸಿಲ್ಲ, ಓದಿನಲ್ಲೂ ಮನಸ್ಸಿಲ್ಲ. ಮೂರು ಕಾಲಲ್ಲಿ ಅದು ಹೇಗೆ ಬದುಕುತ್ತದೆ ಎಂಬ ಒಂದೇ ಪ್ರಶ್ನೆ ಕೊರೆಯುತ್ತಿದೆ. ಉತ್ತರ ಮೊದಲೇ ಕೇಳಿ: ಚೆನ್ನಾಗಿ ಬದುಕುತ್ತದೆ. 1999ರಲ್ಲಿ ‘ವೆಟರ್ನರಿ ರೆಕಾರ್ಡ್’ ಪತ್ರಿಕೆಯಲ್ಲಿ ಬಂದ ಅಧ್ಯಯನಕ್ಕಾಗಿ, ಕಾಲು ತೆಗೆಸಿಕೊಂಡ 44 ನಾಯಿಗಳ ಮಾಲೀಕರನ್ನು ವಿಚಾರಿಸಲಾಗಿತ್ತು. ಹೆಚ್ಚಿನ ನಾಯಿಗಳು ಒಂದು ತಿಂಗಳೊಳಗೆ ಹೊಂದಿಕೊಂಡಿದ್ದವು. ಮಾಲೀಕರಲ್ಲೂ ಬಹುಪಾಲು ಜನ ತಮ್ಮ ನಿರ್ಧಾರದ ಬಗ್ಗೆ ತೃಪ್ತರಾಗಿದ್ದರು. ನಾಯಿ ತಯಾರಾಗಿಯೇ ಇದೆ. ತಯಾರಾಗಬೇಕಾದವರು ನೀವು.

1. ಕಾರಣವನ್ನು ಸರಿಯಾಗಿ ತಿಳಿದುಕೊಳ್ಳಿ

ಕಾಲು ಯಾಕೆ ಹೋಗುತ್ತಿದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಗಾಡಿ ಗುದ್ದಿ ಮೂಳೆ ಪುಡಿಯಾಗಿದ್ದರೆ, ಅಥವಾ ಭುಜದ ನರಗಳ ಗೊಂಚಲು ಕಿತ್ತುಬಂದು ಮುಂಗಾಲು ನೆಲದ ಮೇಲೆ ಎಳೆದಾಡುತ್ತಿದ್ದರೆ, ಆಪರೇಷನ್‌ ಮುಗಿದ ಮೇಲೆ ನಿಮ್ಮ ನಾಯಿಗೆ ಪೂರ್ಣ ಆಯುಷ್ಯವಿದೆ. ಮೂಳೆ ಕ್ಯಾನ್ಸರ್ ಆದರೆ ಲೆಕ್ಕ ಬೇರೆ. ರಾಟ್‌ವೀಲರ್, ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ನಂಥ ದೊಡ್ಡ ತಳಿಗಳಲ್ಲಿ ಕಾಣುವ ಆಸ್ಟಿಯೋಸಾರ್ಕೋಮಾ ಪತ್ತೆಯಾಗುವಷ್ಟರಲ್ಲಿ ಅದರ ಕಣಗಳು ಬಹುತೇಕ ನಾಯಿಗಳ ಶ್ವಾಸಕೋಶ ಸೇರಿರುತ್ತವೆ, ಎಕ್ಸ್‌ರೇಯಲ್ಲಿ ಕಾಣದಿದ್ದರೂ. ಬರೀ ಕಾಲು ತೆಗೆಸಿದರೆ ಅರ್ಧದಷ್ಟು ನಾಯಿಗಳು ನಾಲ್ಕೈದು ತಿಂಗಳು ಬದುಕುತ್ತವೆ. ಜೊತೆಗೆ ಕೀಮೋ ಕೊಡಿಸಿದರೆ ಆ ಅವಧಿ 10ರಿಂದ 12 ತಿಂಗಳಿಗೆ ಹೋಗುತ್ತದೆ.

ಹಾಗಾದರೆ ಕಾಲು ತೆಗೆಸಿ ಏನು ಲಾಭ? ನೋವು ಹೋಗುತ್ತದೆ. ಮೂಳೆ ಕ್ಯಾನ್ಸರಿನ ನೋವು ಮಾತ್ರೆಗೆ ಬಗ್ಗುವಂಥದ್ದಲ್ಲ. ಉಳಿದ ತಿಂಗಳುಗಳನ್ನು ನಾಯಿ ನೋವಿಲ್ಲದೆ ಕಳೆಯುವುದು ನನ್ನ ಲೆಕ್ಕದಲ್ಲಿ ದೊಡ್ಡ ಗೆಲುವು.

2. ಉಳಿದ ಮೂರು ಕಾಲುಗಳನ್ನು ಪರೀಕ್ಷೆ ಮಾಡಿಸಿ

ಎಲ್ಲರ ಗಮನ ಹೋಗುವ ಕಾಲಿನ ಮೇಲಿರುತ್ತದೆ. ನೀವು ಇರುವ ಕಾಲುಗಳನ್ನು ನೋಡಿ. ನಾಯಿ ತನ್ನ ಭಾರದ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳ ಮೇಲೆ, ಶೇ. 40ರಷ್ಟನ್ನು ಹಿಂಗಾಲುಗಳ ಮೇಲೆ ಹೊರುತ್ತದೆ. ಒಂದು ಕಾಲು ಹೋದರೆ ಆ ಪಾಲು ಮಿಕ್ಕವುಗಳ ಮೇಲೆ ಬೀಳುತ್ತದೆ. ಸೊಂಟದ ಕೀಲು, ಮಂಡಿ, ಬೆನ್ನುಮೂಳೆ ಹೇಗಿವೆ ಎಂದು ಡಾಕ್ಟರ್ ಕೈಯಿಂದ ಮುಟ್ಟಿ, ಬೇಕಾದರೆ ಎಕ್ಸ್‌ರೇ ತೆಗೆದು ಹೇಳಲಿ. ಕಿಡ್ನಿ, ಲಿವರ್ ಪರೀಕ್ಷೆ ಬೇಕೇ ಬೇಕು. ನಮ್ಮ ಕಡೆ ಉಣ್ಣೆ ಜ್ವರ ಸಾಮಾನ್ಯ. ಅದು ಪ್ಲೇಟ್‌ಲೆಟ್ ಇಳಿಸುತ್ತದೆ, ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಆಪರೇಷನ್‌ನಲ್ಲಿ ರಕ್ತ ನಿಲ್ಲುವುದಿಲ್ಲ. ರಕ್ತದ ರಿಪೋರ್ಟ್ ನೋಡದೆ ದಿನ ಗೊತ್ತು ಮಾಡಬೇಡಿ.

3. ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ

ಡಾಕ್ಟರ್ ಎದುರು ಕೂತಾಗ ಅರ್ಧ ಮರೆತುಹೋಗುತ್ತದೆ. ಆದ್ದರಿಂದ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕಾಲನ್ನು ಎಲ್ಲಿಂದ ತೆಗೆಯುತ್ತೀರಿ? ಅರಿವಳಿಕೆ ಸಮಯದಲ್ಲಿ ಯಾರು ನಿಗಾ ಇಡುತ್ತಾರೆ? ಆ ರಾತ್ರಿ ಆಸ್ಪತ್ರೆಯಲ್ಲಿ ಯಾರಿರುತ್ತಾರೆ? ಮನೆಗೆ ಯಾವ ನೋವಿನ ಔಷಧಿ ಕೊಟ್ಟು ಕಳಿಸುತ್ತೀರಿ?

ಮೊದಲ ಪ್ರಶ್ನೆ ಯಾಕೆಂದರೆ, ಮುಂಗಾಲನ್ನು ಸಾಮಾನ್ಯವಾಗಿ ಭುಜದ ಮೂಳೆ ಸಮೇತ, ಹಿಂಗಾಲನ್ನು ಸೊಂಟದ ಕೀಲಿನಿಂದ ಅಥವಾ ತೊಡೆಯ ಮೇಲ್ಭಾಗದಿಂದ ತೆಗೆಯುತ್ತಾರೆ. ಅರ್ಧಂಬರ್ಧ ಉಳಿಸಿದರೆ ನಾಯಿ ಆ ಮೋಟು ತುದಿಯನ್ನು ಊರಲು ಹೋಗಿ ಗಾಯ ಮಾಡಿಕೊಳ್ಳುತ್ತದೆ. ಕೃತಕ ಕಾಲು ಹಾಕಿಸುವ ಯೋಚನೆ ಇದ್ದರೆ ಆಪರೇಷನ್‌ಗೆ ಮೊದಲೇ ಹೇಳಿ, ಏಕೆಂದರೆ ಅದಕ್ಕೆ ಕಾಲಿನ ಭಾಗ ಉಳಿದಿರಬೇಕು. ಒಂದೇ ಕಾಲು ಹೋದ ಬಹುಪಾಲು ನಾಯಿಗಳಿಗೆ ಕೃತಕ ಕಾಲೂ ಬೇಡ, ಗಾಲಿ ಗಾಡಿಯೂ ಬೇಡ.

ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ಕೇಳಿ. ಕೈ ಬಿಗಿಯಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿ. ಕೇಳಲು ಸಂಕೋಚ ಬೇಡ.

4. ನೆಲವನ್ನು ಮೊದಲು ಗೆಲ್ಲಿ

ಈ ಸೂತ್ರವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಮನೆಯಲ್ಲಿ ಆಗುವ ಬಹಳಷ್ಟು ಬೀಳಾಟಗಳು ಇಲ್ಲಿಂದಲೇ. ವಿಟ್ರಿಫೈಡ್ ಟೈಲ್ಸ್, ಪಾಲಿಶ್ ಮಾಡಿದ ಗ್ರಾನೈಟ್ ಮೂರು ಕಾಲಿನ ನಾಯಿಗೆ ಶತ್ರು. ಮೊದಲ ವಾರ ಒಂದು ಸಲ ಜಾರಿ ಹೊಲಿಗೆಯ ಮೇಲೆ ಬಿದ್ದರೆ ಅದರ ಧೈರ್ಯವೇ ಕುಸಿಯುತ್ತದೆ. ಆಮೇಲೆ ಅದು ಎದ್ದು ನಿಲ್ಲಲೂ ಹಿಂದೇಟು ಹಾಕುತ್ತದೆ.

ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಮ್ಯಾಟ್‌ಗಳ ಒಂದು ದಾರಿ ಮಾಡಿ. ಯೋಗ ಮ್ಯಾಟ್ ಆಗುತ್ತದೆ, ಅಡಿಗೆ ರಬ್ಬರ್ ಇರುವ ಯಾವ ಮ್ಯಾಟ್ ಆದರೂ ಆಗುತ್ತದೆ. ಚಾಪೆ, ಜಮಖಾನ ಬೇಡ, ಅವೇ ಜಾರುತ್ತವೆ. ಪಾದದಡಿಯ ಮೆತ್ತೆಗಳ ನಡುವೆ ಬೆಳೆದ ಕೂದಲನ್ನು ಕತ್ತರಿಸಿ, ಉಗುರು ಚಿಕ್ಕದಾಗಿಡಿ. ಮೆಟ್ಟಿಲಿಗೆ ಅಡ್ಡಗಟ್ಟಿ. ಮುಂಗಾಲು ಹೋಗುವ ನಾಯಿಗೆ ಊಟದ ಬಟ್ಟಲನ್ನು ಎದೆ ಮಟ್ಟದ ಸ್ಟೂಲ್ ಮೇಲಿಡಿ, ಬಗ್ಗಿದರೆ ಮುಗ್ಗರಿಸುತ್ತದೆ. ಇದೆಲ್ಲ ಆಪರೇಷನ್‌ಗೆ ಒಂದು ವಾರ ಮುಂಚೆ ಮುಗಿದಿರಲಿ. ನಾಯಿ ಹೊಸ ದಾರಿಯನ್ನು ಹಳೇ ಕಾಲಿನಲ್ಲೇ ಕಲಿತಿರಲಿ.

5. ರಜೆಯನ್ನು ಈಗಲೇ ಹಾಕಿ

ಮೊದಲ ಐದು ದಿನ ಒಬ್ಬರು ಮನೆಯಲ್ಲಿರಲೇಬೇಕು. ಆಮೇಲಿನ ವಾರಕ್ಕೆ ವರ್ಕ್ ಫ್ರಮ್ ಹೋಮ್ ಕೇಳಿ. ಪರೀಕ್ಷೆಯ ಹಿಂದಿನ ದಿನ, ಪ್ರಾಜೆಕ್ಟ್ ಡೆಡ್‌ಲೈನ್ ವಾರ ತಪ್ಪಿಸಿ. ಸೋಮವಾರ ಅಥವಾ ಮಂಗಳವಾರ ಆಪರೇಷನ್ ಇಟ್ಟುಕೊಳ್ಳಿ. ತೊಂದರೆ ಬಂದರೆ ಮರುದಿನಗಳಲ್ಲಿ ಡಾಕ್ಟರ್ ಸಿಗುತ್ತಾರೆ. ಮಾತ್ರೆಯ ಟೈಮ್‌ಟೇಬಲ್ ಫ್ರಿಜ್ ಬಾಗಿಲ ಮೇಲೆ ಅಂಟಿಸಿ, ಕೊಟ್ಟವರು ಟಿಕ್ ಹಾಕಲಿ. ಅಮ್ಮ ಒಂದು ಸಲ, ನೀವು ಒಂದು ಸಲ ಕೊಟ್ಟು ಡಬಲ್ ಡೋಸ್ ಆಗುವ ಅಪಾಯ ಹೀಗೆ ತಪ್ಪುತ್ತದೆ.

6. ಮೊದಲ ಮೂರು ದಿನ ಹೆದರಬೇಡಿ, ಗಮನಿಸಿ

ಬಹುಪಾಲು ನಾಯಿಗಳು ಒಂದೆರಡು ದಿನದಲ್ಲಿ ಎದ್ದು ನಿಲ್ಲುತ್ತವೆ. ಆದರೆ ಮನೆಗೆ ಬಂದ ಮೊದಲ ರಾತ್ರಿ ಕಷ್ಟದ್ದು. ಔಷಧಿಯ ಮಂಪರಿನಲ್ಲಿ ಕುಂಯ್‌ಗುಟ್ಟುತ್ತದೆ. ಬೋಳಿಸಿದ ಚರ್ಮ, ಉದ್ದ ಹೊಲಿಗೆ, ಸುತ್ತ ನೀಲಿ-ನೇರಳೆ ಬಣ್ಣ ಕಂಡು ನಿಮ್ಮ ಎದೆ ಧಸಕ್ಕೆನ್ನುತ್ತದೆ. ಆಸ್ಪತ್ರೆಯಿಂದ ಕರೆತರುವ ಮೊದಲು ಗಾಯದ ಫೋಟೋ ತರಿಸಿಕೊಂಡು ನೋಡಿ, ಮನಸ್ಸು ಗಟ್ಟಿಯಾಗುತ್ತದೆ. ಎರಡು ಮೂರು ದಿನ ಕಕ್ಕಸು ಆಗದಿರುವುದೂ ಮಾಮೂಲು, ನೋವಿನ ಔಷಧಿ ಕರುಳನ್ನು ನಿಧಾನ ಮಾಡುತ್ತದೆ.

ಹಿಂಗಾಲು ಹೋದ ನಾಯಿಗೆ ಮಡಚಿದ ಟವೆಲನ್ನು ಹೊಟ್ಟೆಯಡಿ ತೂರಿಸಿ ಎರಡೂ ತುದಿ ಹಿಡಿದು ಆಧಾರ ಕೊಡಿ. ಮುಂಗಾಲು ಹೋದ ನಾಯಿಗೆ ಹಿಡಿ ಇರುವ ಹಾರ್ನೆಸ್ ಬೇಕು, ಗಾಯಕ್ಕೆ ತಾಗದಂತೆ ಹಾಕಿ. ಕುತ್ತಿಗೆ ಪಟ್ಟಿ ಹಿಡಿದು ಎಳೆಯಬೇಡಿ.

7. ನೋವನ್ನು ಗಡಿಯಾರ ನೋಡಿ ಸೋಲಿಸಿ

ನೋವು ಕಾಣಿಸಿಕೊಂಡ ಮೇಲೆ ಮಾತ್ರೆ ಕೊಡುವುದು ತಡವಾದ ಲೆಕ್ಕ. ಹೊತ್ತಿಗೆ ಸರಿಯಾಗಿ ಕೊಡಿ. ನಾಯಿ ನೋವನ್ನು ಕಿರುಚಿ ಹೇಳುವುದು ಕಡಿಮೆ. ತಣ್ಣಗಿನ ಕೋಣೆಯಲ್ಲೂ ಏದುಸಿರು, ಮಲಗಲಾಗದೆ ಜಾಗ ಬದಲಿಸುವುದು, ಊಟ ಬಿಡುವುದು, ಹತ್ತಿರ ಹೋದರೆ ಗುರ್ರೆನ್ನುವುದು: ಇವೇ ಅದರ ಮಾತು. ಇವು ಕಂಡರೆ ಡೋಸ್ ಸಾಲುತ್ತಿಲ್ಲ ಎಂದು ಡಾಕ್ಟರಿಗೆ ಫೋನ್ ಮಾಡಿ.

ಮನೆಯಲ್ಲಿರುವ ಮನುಷ್ಯರ ಮಾತ್ರೆ ಮುಟ್ಟಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆ, ಕಿಡ್ನಿ ಕೆಡಿಸುತ್ತವೆ. ಡಾಕ್ಟರ್ ಕೊಟ್ಟ ಮೆಲಾಕ್ಸಿಕ್ಯಾಮ್ ಕೂಡ ಊಟವಾದ ಮೇಲೆಯೇ ಕೊಡಿ. ವಾಂತಿ ಅಥವಾ ಡಾಂಬರಿನಂತೆ ಕಪ್ಪು ಕಕ್ಕಸು ಕಂಡರೆ ನಿಲ್ಲಿಸಿ, ತಕ್ಷಣ ಕೇಳಿ.

ಇನ್ನೊಂದು ಸಂಗತಿ. ಸುಮ್ಮನೆ ಮಲಗಿದ್ದ ನಾಯಿ ಥಟ್ಟನೆ ಕಿರುಚಿ, ಇಲ್ಲದ ಕಾಲಿನ ಕಡೆ ತಿರುಗಿ ನೋಡಬಹುದು. ಕತ್ತರಿಸಿದ ನರಗಳು ಕಳಿಸುವ ಸುಳ್ಳು ಸುದ್ದಿ ಅದು. ಮನುಷ್ಯರಲ್ಲೂ ಇದೆ. ನರದ ನೋವಿಗೆಂದೇ ಗ್ಯಾಬಾಪೆಂಟಿನ್‌ನಂಥ ಔಷಧಿ ಇದೆ. ನಾಯಿ ಹೀಗೆ ಮಾಡಿದ್ದನ್ನು ವಿಡಿಯೋ ಮಾಡಿ ತೋರಿಸಿ, ಡಾಕ್ಟರಿಗೆ ಕೂಡಲೇ ಅರ್ಥವಾಗುತ್ತದೆ.

8. ಹೊಲಿಗೆಯನ್ನು ದಿನಕ್ಕೆರಡು ಸಲ ನೋಡಿ

ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಅಲ್ಲಿಯವರೆಗೆ ಕುತ್ತಿಗೆಗೆ ಕೋನ್ ಇರಲಿ, ಸ್ನಾನ ಬೇಡ. ಗಾಯದ ಕೆಳಗೆ ಮೆತ್ತಗೆ ನೀರು ತುಂಬಿದಂತೆ ಊದಿಕೊಳ್ಳುವುದು ಸಾಮಾನ್ಯ, ಹಲವು ಸಲ ತಾನೇ ಇಳಿಯುತ್ತದೆ. ನೀವು ಸೂಜಿ ಹಾಕಿ ತೆಗೆಯಲು ಹೋಗಬೇಡಿ, ಡಾಕ್ಟರಿಗೆ ತೋರಿಸಿ. ಕೀವು, ವಾಸನೆ, ಬಿಸಿ, ಹೊಲಿಗೆ ಬಾಯಿಬಿಟ್ಟಿರುವುದು ಕಂಡರೆ ಅದೇ ದಿನ ಹೊರಡಿ. ಒಂದು ಡಿಜಿಟಲ್ ಥರ್ಮಾಮೀಟರ್ ನಾಯಿಗೆಂದೇ ಇಟ್ಟುಕೊಳ್ಳಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದರ ಸಹಜ ಉಷ್ಣತೆ.

9. ಎತ್ತಿಕೊಂಡು ತಿರುಗಬೇಡಿ

ಪ್ರೀತಿಯಿಂದಲೇ ಮಾಡುವ ತಪ್ಪು ಇದು. ಆಧಾರ ಕೊಡಿ, ಆದರೆ ನಡೆಯುವ ಕೆಲಸ ಅದೇ ಮಾಡಲಿ. ಮೊದಲು ಐದೈದು ನಿಮಿಷ, ದಿನಕ್ಕೆ ನಾಲ್ಕು ಸಲ. ಮೂರು ಕಾಲಲ್ಲಿ ಮೆಲ್ಲಗೆ ನಡೆಯುವುದೇ ಕಷ್ಟ, ಕುಪ್ಪಳಿಸಿ ಓಡುವುದು ಸುಲಭ. ಅದಕ್ಕೇ ನಿಮ್ಮ ನಾಯಿ ಹತ್ತು ಹೆಜ್ಜೆ ಧಾವಿಸಿ, ಕೂತು, ಮತ್ತೆ ಧಾವಿಸುತ್ತದೆ. ಕೂರಲಿ ಬಿಡಿ. ಬಿಸಿಲೇರುವ ಮೊದಲೇ ಹೊರಗೆ ಕರೆದೊಯ್ಯಿರಿ, ಪ್ರತಿ ಕುಪ್ಪಳಿಕೆಗೂ ಹೆಚ್ಚು ಶಕ್ತಿ ಖರ್ಚಾಗುತ್ತದೆ.

ಕಕ್ಕಸಿಗೆ ಕೂರುವುದನ್ನೂ ಅದು ಹೊಸದಾಗಿ ಕಲಿಯಬೇಕು. ಮೊದಲ ದಿನಗಳಲ್ಲಿ ನಡೆಯುತ್ತಲೇ ಮುಗಿಸಬಹುದು, ಗದರಬೇಡಿ. ಬೀದಿ ನಾಯಿಗಳ ಗುಂಪಿರುವ ದಾರಿ ಕೆಲವು ವಾರ ಬೇಡ. ತಿರುಗಿ ನಿಲ್ಲುವ ಸಮತೋಲನ ಇನ್ನೂ ಬಂದಿರುವುದಿಲ್ಲ.

ಹಿಂಗಾಲು ಕಳೆದುಕೊಂಡ ನಾಯಿ ಆ ಬದಿಯ ಕಿವಿ ಕೆರೆದುಕೊಳ್ಳಲು ಹೊರಟಾಗ, ತಲೆ ಓರೆ ಮಾಡಿಕೊಂಡು ಕಣ್ಣು ಅರೆ ಮುಚ್ಚುತ್ತದೆ, ಸೊಂಟದ ಬಳಿಯ ಸ್ನಾಯು ಮಾತ್ರ ಪಟಪಟ ಅದುರುತ್ತದೆ. ನೀವೇ ಹೋಗಿ ಆ ಕಿವಿ ಕೆರೆಯಿರಿ. ಉಣ್ಣೆಗಳೂ ಆ ಬದಿಯಲ್ಲೇ ಉಳಿದುಕೊಳ್ಳುತ್ತವೆ, ದಿನಾ ಬೆರಳಾಡಿಸಿ ನೋಡಿ.

10. ತೂಕ ಇಳಿಸಿ, ಕಟ್ಟುನಿಟ್ಟಾಗಿ

ಆಪರೇಷನ್‌ಗೆ ಸಮಯವಿದ್ದರೆ ಇಂದಿನಿಂದಲೇ ಶುರುಮಾಡಿ. ಪ್ರತಿ ಹೆಚ್ಚುವರಿ ಕಿಲೋ ಮೂರೇ ಕಾಲಿನ ಮೇಲೆ ಕೂರುತ್ತದೆ. ಬೆರಳು ಚಾಚಿ ನಿಮ್ಮ ಅಂಗೈ ಹಿಂಭಾಗ ಸವರಿ ನೋಡಿ, ನಾಯಿಯ ಪಕ್ಕೆಲುಬು ಕೈಗೆ ಅಷ್ಟೇ ಸುಲಭವಾಗಿ ಸಿಗಬೇಕು. ಅನ್ನ-ಮೊಸರಿನ ರಾಶಿ, ಟೀ ಹೊತ್ತಿನ ಬಿಸ್ಕತ್ತು ಬಿಡಿಸಿ. ಅಜ್ಜಿ ಕದ್ದು ಕೊಡುವ ಚಪಾತಿ ಚೂರೂ ಲೆಕ್ಕಕ್ಕೆ ಬರಲಿ. ಬಹುಮಾನಕ್ಕೆ ಕ್ಯಾರೆಟ್, ಬೇಯಿಸಿದ ಬೀನ್ಸ್ ಸಾಕು.

11. ಸ್ನಾಯು ಕಟ್ಟಿಸಿ

ಹೊಲಿಗೆ ಬಿಚ್ಚಿ ಡಾಕ್ಟರ್ ಒಪ್ಪಿದ ಮೇಲೆ ಇದನ್ನು ದಿನಚರಿ ಮಾಡಿ. ದಪ್ಪ ದಿಂಬಿನ ಮೇಲೆ ನಿಲ್ಲಿಸಿ ಕೆಲವು ಸೆಕೆಂಡು ಸಮತೋಲನ. ತಿಂಡಿ ತೋರಿಸಿ ಕುತ್ತಿಗೆ ಎಡಕ್ಕೆ, ಬಲಕ್ಕೆ ತಿರುಗಿಸುವುದು. ಈಜಲು ಸುರಕ್ಷಿತ ನೀರಿದ್ದರೆ ಲೈಫ್ ಜಾಕೆಟ್ ಹಾಕಿ ಬಿಡಿ, ಕೀಲಿಗೆ ಭಾರವಿಲ್ಲದ ವ್ಯಾಯಾಮ ಇನ್ನೊಂದಿಲ್ಲ. ಸೋಫಾದಿಂದ, ಕಾರಿನಿಂದ ಧುಮುಕಲು ಬಿಡಬೇಡಿ. ಉಳಿದ ಒಂದು ಮುಂಗಾಲಿನ ಮಣಿಕಟ್ಟು ಅಥವಾ ಹಿಂಗಾಲಿನ ಮಂಡಿಯ ಲಿಗಮೆಂಟ್ ಹೋದರೆ ಬದಲಿ ಕಾಲಿಲ್ಲ. ಮಲಗಲು ದಪ್ಪ ಫೋಮ್ ಹಾಸಿಗೆ ಕೊಡಿ. ಆರು ತಿಂಗಳಿಗೊಮ್ಮೆ ಕೀಲುಗಳ ತಪಾಸಣೆ ಮಾಡಿಸಿ.

12. ಅನುಮಾನವನ್ನು ಅಭ್ಯಾಸದಂತೆ ಬಿಡಿಸಿ

‘ಅಯ್ಯೋ ಪಾಪ, ಇಷ್ಟು ಹಿಂಸೆ ಯಾಕೆ ಕೊಡ್ತೀರಿ’ ಎಂದು ಪಕ್ಕದ ಮನೆಯವರು ಕೇಳುತ್ತಾರೆ. ‘ನೋವು ತೆಗೆಸ್ತಾ ಇದ್ದೀವಿ’ ಎಂದಷ್ಟೇ ಹೇಳಿ ಮುಂದೆ ಹೋಗಿ. ಕನ್ನಡಿ ಮುಂದೆ ನಿಂತು ಕಾಲು ಎಣಿಸಿಕೊಳ್ಳುವ ಚಿಂತೆ ನಾಯಿಗಿಲ್ಲ. ಆ ಚಿಂತೆ ನಿಮ್ಮದು, ಅದನ್ನು ಅದರ ಎದುರು ಅತ್ತು ದಾಟಿಸಬೇಡಿ. ಹಾಗಂತ ಕಣ್ಣು ಮುಚ್ಚಿ ಮುನ್ನುಗ್ಗಲೂ ಬೇಡಿ. ಉಳಿದ ಕಾಲುಗಳ ಕೀಲು ತೀರಾ ಹಾಳಾಗಿದ್ದರೆ, ಕ್ಯಾನ್ಸರ್ ಎಕ್ಸ್‌ರೇಯಲ್ಲೇ ಶ್ವಾಸಕೋಶದಲ್ಲಿ ಕಾಣುತ್ತಿದ್ದರೆ, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. ಇಬ್ಬರೂ ಆಪರೇಷನ್ ಸರಿ ಎಂದರೆ ಮತ್ತೆ ವಾರಗಟ್ಟಲೆ ತೂಗಬೇಡಿ, ನೀವು ತೂಗುವಷ್ಟು ದಿನವೂ ಅದು ನೋವಿನಲ್ಲೇ ಇರುತ್ತದೆ. ಇವತ್ತು ಸಂಜೆ ಮ್ಯಾಟ್ ತನ್ನಿ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ.